ವೈಜನಾಥನ ಬಾಯಿ

ವಲಾಂಡಿ
೨೨ ಸೆಪ್ಟೆಂಬರ್ ೨೦೨೪

ಮೀನಲ,

ಉಮರ್ಗಾದಲ್ಲಿ ನೀನೂ ಅಳಿಯಂದಿರೂ ಸುಖವಾಗಿದ್ದೀರಿ ಎಂದು ತಿಳಿದು ಬರೆಯುತ್ತಿದ್ದೇನೆ. ನಾವಿಲ್ಲಿ ಇದ್ದೇವೆ. ಸುಖ ಎಂದು ಬರೆದರೆ ಸುಳ್ಳು ಬರೆದಂತಾಗುತ್ತದೆ.

ಮೊದಲು ಬೈಗುಳ. ನಿನ್ನ ಹೋದ ಪತ್ರದಲ್ಲಿ ಅರ್ಧ ಮರಾಠಿಯೇ ತುಂಬಿತ್ತು. ಬಾಯಲ್ಲಿ ಹೇಗಾದರೂ ಆಡು, ಬರೆಯುವಾಗ ಪುಸ್ತಕದ ಕನ್ನಡ ಬರೆ. ನಾನು ಹುಡುಗನಿದ್ದಾಗ ಭಾಲ್ಕಿಗೆ ಹೋಗಿ, ಮಠದಲ್ಲಿ ಉಂಡು ಕಲಿತ ಅಕ್ಷರ ಅದು. ನಿನಗೂ ನಿಮ್ಮಣ್ಣ ವೈಜನಾಥನಿಗೂ ಶಾಲೆಯಲ್ಲಿ ಅದು ಸಿಗಲಿಲ್ಲ. ಒಂದೇ ಮನೆಯಲ್ಲಿ ಕುಳಿತು ನೀವಿಬ್ಬರೂ ನನಗೆ ಪತ್ರ ಬರೆಯಬೇಕು, ನಾನು ಕೆಂಪು ಪೆನ್ನಿನಿಂದ ತಿದ್ದಬೇಕು, ಹಾಗೆ ಕಲಿಸಿದ್ದು. ಕಿವಿ ಪೂರ್ತಿ ಹೋದ ಮೇಲೆ ಪತ್ರವೇ ನನ್ನ ಫೋನು. ಅದನ್ನು ಕೆಡಿಸಬೇಡ.

ನಿನಗೆ ಗೊತ್ತೇ ಇದೆ, ಕಿವಿ ಹೋದ ಮೇಲೆ ಬಾಯಿಂದ ಮಾತಾಡುವುದನ್ನೂ ಬಿಟ್ಟವನು ನಾನು. ಉದಗೀರದ ಅಡತಿ ಅಂಗಡಿಯಲ್ಲಿ ಒಮ್ಮೆ ತೊಗರಿಯ ದರ ಕೇಳಿದೆ, ಇಡೀ ಅಡತಿಯೇ ತಿರುಗಿ ನೋಡಿ ನಕ್ಕಿತು. ಎಷ್ಟು ಜೋರಾಗಿ ಕೂಗಿದ್ದೆನೋ ಏನೋ. ಅಂದಿನಿಂದ ನನ್ನದೆಲ್ಲ ಪಾಟಿ ಬಳಪದ ವ್ಯವಹಾರ. ವರ್ಷಗಟ್ಟಲೆ ಈ ಓಣಿ ನನ್ನ ದನಿ ಕೇಳಿಲ್ಲ.

ಚುನಾವಣೆ ಇನ್ನೂ ಸಾರಿಲ್ಲ, ಊರು ಮಾತ್ರ ಈಗಲೇ ಕುದಿಯುತ್ತಿದೆ. ಪೇಪರ್ ಓದಿದರೆ ತಲೆ ಗಿರ್ ಅನ್ನುತ್ತದೆ. ಹೋದ ಸಲ ಕಳ್ಳ ಎಂದು ಬೈದವನ ಹೆಗಲ ಮೇಲೆ ಈ ಸಲ ಕೈ ಹಾಕಿ ಫೋಟೋ ತೆಗೆಸಿಕೊಂಡಿದ್ದಾರೆ. ಸೋಯಾಬೀನಿನ ದರ ಕೇಳಿದರೆ ನಿನ್ನ ಜಾತಿ ಯಾವುದು ಅನ್ನುತ್ತಾರೆ. ಮುಂಬೈಯವರ ಲೆಕ್ಕದಲ್ಲಿ ನಾವು ಮರಾಠಿ ಬಾಯಿ ತಿರುಗದ ಲಿಂಗಾಯತರು. ಬೆಂಗಳೂರಿನವರಿಗೆ ನವೆಂಬರ್ ಒಂದಕ್ಕೆ ನೆನಪಾಗಿ ಎರಡಕ್ಕೆ ಮರೆಯುವ ಗಡಿಯವರು. ಇನ್ನು ನಮ್ಮ ಸಾಹೇಬರು. ನಿಮ್ಮಣ್ಣ ಒಂದು ಕಾಲಕ್ಕೆ ಯಾರ ಗಾಡಿಯಲ್ಲಿ ಮೈಕ್ ಹಿಡಿದು ತಿರುಗುತ್ತಿದ್ದನೋ ಅವರೇ. ಈ ಬೇಸಿಗೆಯಲ್ಲಿ ಹುಟ್ಟಿದ ಹೊಸ ಪಕ್ಷವೊಂದನ್ನು ಸೇರಿದ್ದಾರೆ. ಇದು ಅವರಿಗೆ ನಾಲ್ಕನೆಯ ಮನೆ. ಟಿಕೆಟ್ ಕೈಗೆ ಬರುವ ಮೊದಲೇ ತಲೆಯ ಮೇಲೆ ಧ್ವನಿವರ್ಧಕ ಕಟ್ಟಿದ ಅವರ ಭೋಂಗಾದ ಗಾಡಿ ದಿನಾ ಓಣಿಗೆ ಬರುತ್ತದೆ. ಓಡಿಸುವವನು ವೈಜನಾಥನ ಗೆಳೆಯ ದತ್ತಾತ್ರಿ.

ಈಗ ನಿಜವಾದ ಸಂಗತಿ. ನಿಮ್ಮವ್ವನಿಗೆ ಏನೋ ಆಗಿದೆ.

ಮಧ್ಯಾಹ್ನ ರೊಟ್ಟಿ ಮಾಡಿ ಮುಚ್ಚಿಟ್ಟು, ಉಣ್ಣದೆ ಬಾಗಿಲಲ್ಲಿ ನಿಲ್ಲುತ್ತಾಳೆ. ಆ ಗಾಡಿ ತಿರುವಿನಲ್ಲಿ ಕಂಡರೆ ಬರಿಗಾಲಲ್ಲಿ ಓಡುತ್ತಾಳೆ. ಗಾಡಿ ನಮ್ಮ ಮನೆಯ ಮುಂದೆ ಮಾತ್ರ ನಿಲ್ಲುತ್ತದೆ. ಅವಳ ತುಟಿ ಆಡುತ್ತದೆ, ಗಾಡಿ ಹೋಗುತ್ತದೆ. ಒಳಗೆ ಬಂದು ಕಣ್ಣು ಒರೆಸಿಕೊಂಡು ಉಣ್ಣುತ್ತಾಳೆ. ಗಾಡಿ ಬಾರದ ದಿನ ಊಟವೇ ಇಲ್ಲ. ಓಣಿಯ ಹೆಣ್ಣುಮಕ್ಕಳು ನನ್ನ ಮುಖ ನೋಡಿ ತಲೆ ತಗ್ಗಿಸುತ್ತಾರೆ. ಪಕ್ಕದ ಮನೆಯ ಬಸವಣ್ಣೆಪ್ಪನಿಗೆ ಪಾಟಿ ಕೊಟ್ಟು ಕೇಳಿದೆ. ‘ಕಾಹೀ ನಾಹೀ’, ಏನೂ ಇಲ್ಲ ಎಂದು ಬರೆದು ಚಹಾ ಅರ್ಧಕ್ಕೇ ಬಿಟ್ಟು ಎದ್ದುಹೋದ.

ವೈಜನಾಥ ಹೈವೇ ಮೇಲೆ ಬೈಕಿನಿಂದ ಬಿದ್ದು ತೀರಿಹೋಗಿ ಒಂದೂವರೆ ವರ್ಷವಾಯಿತು. ಲಿಂಗ ಕಟ್ಟಿಕೊಂಡವನು ನಾನು, ದೆವ್ವ ಗಿವ್ವ ನಂಬುವವನಲ್ಲ. ಆದರೂ ಆ ಗಾಡಿ ಬಂದು ನಿಂತಾಗ ನನ್ನ ಮೈಮೇಲೆ ಮುಳ್ಳು ಏಳುತ್ತವೆ. ಏನು ನಡೆಯುತ್ತಿದೆ ಎಂದು ಇಡೀ ಊರಿಗೆ ಗೊತ್ತು, ನನಗೊಬ್ಬನಿಗೆ ಗೊತ್ತಿಲ್ಲ. ಒಮ್ಮೆ ಬಂದು ಹೋಗು. ನಿನ್ನ ಕಿವಿ ನನಗೆ ಬೇಕಾಗಿದೆ.

ನಿನ್ನ ಅಪ್ಪ
ಮಾಣಿಕಪ್ಪ


ಉಮರ್ಗಾ
೩ ಅಕ್ಟೋಬರ್ ೨೦೨೪

ಅಪ್ಪಾ, ನಿಮ್ಮ ಮೀನಲಳ ಶರಣು.

ನಿಮ್ಮ ಪತ್ರ ಕೈಗೆ ಬಂದ ಮರುದಿನವೇ ಹೊರಟೆ. ಆದರೆ ನಿಲಂಗಾದಿಂದ ಮುಂದೆ ಬರಲು ಆಗಲಿಲ್ಲ. ಯಾಕೆ ಎಂದು ಬರೆಯುತ್ತೇನೆ. ಕುಳಿತುಕೊಂಡು ಓದಿ. ಅವ್ವ ಎದುರಿಗಿದ್ದರೆ ಆಮೇಲೆ ಓದಿ.

ನಿಲಂಗಾ ಸ್ಟ್ಯಾಂಡಿನಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಹೊರಗಿನ ರಸ್ತೆಯಿಂದ ಯಾರೋ ಕರೆದರು. “ಶರಣ್ರೀ ಯಪ್ಪಾ, ಶರಣ್ರೀ ಯವ್ವಾ, ಜರಾ ಇತ್ಲಾಗ ಕಿವಿ ಕೊಡ್ರಿ!” ಅಪ್ಪಾ, ಅದು ಅಣ್ಣ. ಅಣ್ಣನಂತೆ ಅಲ್ಲ, ಅಣ್ಣನೇ. ಯವ್ವಾ ಅನ್ನುವಾಗ ಸ್ವಲ್ಪ ಎಳೆಯುತ್ತಿದ್ದನಲ್ಲ, ಆಮೇಲೆ ತನ್ನಷ್ಟಕ್ಕೆ ತಾನೇ ನಗುತ್ತಿದ್ದನಲ್ಲ, ಆ ನಗು ಸಹ. ಕೈಯಲ್ಲಿದ್ದ ಚೀಲ ಎಲ್ಲಿ ಬಿತ್ತೋ ಗೊತ್ತಿಲ್ಲ. “ಅಣ್ಣಾ, ನಿಲ್ಲೋ!” ಎಂದು ಕಿರುಚುತ್ತ ರಸ್ತೆಗೆ ಓಡಿದೆ. ಯಾರೋ ಮುದುಕಿ ತೋಳು ಹಿಡಿದು ಜಗ್ಗಿದಳು, ಇಲ್ಲದಿದ್ದರೆ ಟ್ರಕ್ಕಿನ ಕೆಳಗೆ ಹೋಗುತ್ತಿದ್ದೆ.

ಸಾಹೇಬರ ಗಾಡಿ. ಮೇಲೆ ಭೋಂಗಾ, ಪಕ್ಕದಲ್ಲಿ ಸಾಹೇಬರು ಕೈಮುಗಿದ ದೊಡ್ಡ ಫೋಟೋ. ಒಳಗೆ ದತ್ತಾತ್ರಿ ಒಬ್ಬನೇ. ನನ್ನನ್ನು ಕಂಡು ಅವನ ಮುಖ ಸುಣ್ಣದಂತಾಯಿತು. “ಹಳೇ ಟೇಪ್ ಹಚ್ಚೀಯೇನೋ?” ಎಂದು ಕೇಳಿದೆ. ಉತ್ತರ ಭೋಂಗಾವೇ ಹೇಳಿತು. ಹೊಸ ಪಕ್ಷದ ಹೆಸರು ಹೇಳಿತು, ಹೊಸ ಚಿಹ್ನೆಗೆ ಗುಂಡಿ ಒತ್ತಿ ಎಂದಿತು. ಅಪ್ಪಾ, ಆ ಪಕ್ಷ ಹುಟ್ಟಿದ್ದು ಈ ಬೇಸಿಗೆಯಲ್ಲಿ. ಆಗ ಅಣ್ಣ ಮಣ್ಣಿಗೆ ಹೋಗಿ ವರ್ಷ ದಾಟಿತ್ತು. ನೀವೇ ಮುಂದೆ ನಿಂತು ಗುಂಡಿಗೆ ಮಣ್ಣು ಹಾಕಿದಿರಿ.

ದತ್ತಾತ್ರಿ ಕಡೆಗೆ ಬಾಯಿ ಬಿಟ್ಟ. “ಅಕ್ಕಾ, ಕಂಪ್ಯೂಟರಿಗಿ ಅಂವನ ಹಳೇ ಮಾತು ಥೋಡೆ ಕೇಳಿಸ್ಯಾರ. ಈಗ ಏನ್ ಬರದ್ ಕೊಟ್ರೂ ಅಂವನ ದನಿದಾಗ ಓದ್ತದ. ನಾ ಬರೇ ಸ್ಟೇರಿಂಗ್ ಹಿಡೀತೀನಿ. ನಂದೂ ಹೊಟ್ಟಿಪಾಡು ಅದ. ಹಿಂದ ಕುಂತು ಅಂವಾನೇ ಮಾತಾಡ್ಲಿಕ್ಹತ್ಯಾನ ಅನಸ್ತದ, ಹಿಂದ ತಿರುಗಿ ನೋಡೂದು ಬಿಟ್ಟೀನಿ.” ಹಳೇ ಮಾತು ಯಾರು ಕೊಟ್ಟರು ಎಂದು ಕೇಳಿದರೆ ಗಾಡಿ ಚಾಲೂ ಮಾಡಿ ಹೋಗಿಬಿಟ್ಟ.

ಅವ್ವ ಓಡುವುದು ಇದಕ್ಕೆ. ಓಣಿ ತಲೆ ತಗ್ಗಿಸುವುದೂ ಇದಕ್ಕೆ. ನಮ್ಮ ಬಾಗಿಲಲ್ಲಿ ನಿಂತು ಆ ದನಿ ಕೇಳುವ ಧೈರ್ಯ ನನಗಾಗಲಿಲ್ಲ, ವಾಪಸ್ ಬಸ್ಸು ಹತ್ತಿದೆ. ದೀಪಾವಳಿಗೆ ಗಟ್ಟಿ ಮನಸ್ಸು ಮಾಡಿ ಬರುತ್ತೇನೆ. ಹೆದರಿಕೆ ಇನ್ನೂ ಹೋಗಿಲ್ಲ ಅಪ್ಪಾ. ಉಮರ್ಗಾದಲ್ಲಿ ತರಕಾರಿಯವನು ಕೂಗಿದರೂ ಎದೆ ಧಸಕ್ಕೆನ್ನುತ್ತದೆ.

ನಿಮ್ಮ ಮೀನಲ


ವಲಾಂಡಿ
೧೪ ಅಕ್ಟೋಬರ್ ೨೦೨೪

ಮೀನಲ,

ನಿನ್ನ ಪತ್ರವನ್ನು ಹೊಲದಲ್ಲಿ ಕುಳಿತು ಓದಿದೆ. ಮತ್ತೆ ಮತ್ತೆ ಓದಿದೆ. ಮಹಾರಾಷ್ಟ್ರದ ರಾಜಕಾರಣದಲ್ಲಿ ಇದೊಂದು ಬಾಕಿ ಇತ್ತು. ಬದುಕಿದ್ದವರ ಪಕ್ಷಾಂತರ ಮುಗಿಯಿತು, ಈಗ ಸತ್ತವರಿಗೂ ಪಕ್ಷಾಂತರ ಮಾಡಿಸುತ್ತಿದ್ದಾರೆ.

ನಿನಗೆ ಮದುವೆಯಾಗಿ ಹೋಗಿತ್ತು, ನೀನು ಕಂಡಿಲ್ಲ. ನಾನು ಕಣ್ಣಾರೆ ಕಂಡಿದ್ದೇನೆ, ಬರೆಯುತ್ತೇನೆ ಕೇಳು. ಗಡಿಯ ಹಳ್ಳಿಯೊಂದರಲ್ಲಿ ಉಳಿದಿದ್ದ ಒಂದು ಕನ್ನಡ ವರ್ಗವನ್ನು ಮುಚ್ಚುತ್ತಾರೆ ಎಂಬ ಸುದ್ದಿ ಇತ್ತು. ಮುಚ್ಚಲು ಬಿಡುವುದಿಲ್ಲ ಎಂದು ಸಾಹೇಬರು ಹೇಳಿದರು. ವೈಜನಾಥ ಆ ಮಾತನ್ನು ಹಳ್ಳಿ ಹಳ್ಳಿಗೆ ಒಯ್ದು ಮೈಕಿನಲ್ಲಿ ಸಾರಿದ. “ಇದು ನನ್ನ ಜಬಾನ್ ಅದ ರೀ” ಎಂದು ಮಾತು ಕೊಟ್ಟ. ಜನ ಸಾಹೇಬರನ್ನಲ್ಲ, ಅವನನ್ನು ನಂಬಿ ಓಟು ಹಾಕಿದರು. ಗೆದ್ದ ಮೇಲೆ ಸಾಹೇಬರು ಪಕ್ಷ ಬದಲಾಯಿಸಿದರು, ವರ್ಗಕ್ಕೆ ಬೀಗ ಬಿತ್ತು. ಆವತ್ತು ಬಸವೇಶ್ವರ ಗುಡಿಯ ಮುಂದೆ ಊರು ಕೂಡಿದಾಗ ನಿಮ್ಮಣ್ಣ ಮೈಕನ್ನು ಸಾಹೇಬರ ಕೈಯಲ್ಲಿಟ್ಟ. ಆಗಲೇ ನನಗೆ ಕೇಳುತ್ತಿರಲಿಲ್ಲ. ಮನೆಗೆ ಬಂದು ತಾನೇ ಪಾಟಿಯ ಮೇಲೆ ಬರೆದು ತೋರಿಸಿದ, ಏನಂದೆ ಎಂದು. “ಇನ್ನ ಮ್ಯಾಲ ನಿಮ್ಮ ಸುಳ್ಳಿಗಿ ನನ್ನ ಬಾಯಿ ಸಿಗೂದಿಲ್ಲ.” ಆ ಪಾಟಿಯನ್ನು ನಾನು ಬಹಳ ದಿನ ಅಳಿಸಲಿಲ್ಲ.

ಅದೇ ಬಾಯಿಯನ್ನು ಅವರು ಗೋರಿಯಿಂದ ತೆಗೆದುಕೊಂಡಿದ್ದಾರೆ. ಕೇಳುವವರೇ ಇಲ್ಲವೇ?

ಮೈಕ್ ಹಿಡಿದವನಿಗೂ ಒಂದು ಮರ್ಯಾದೆ ಇರುತ್ತದೆ. ಯಾವುದೇ ಓಣಿಯಲ್ಲಿ ಸಾವಾದ ಮನೆ ಇದ್ದರೆ, ಅಲ್ಲಿ ಗಂಡಸರು ತಲೆಯ ಮೇಲೆ ದಸ್ತಿ ವಸ್ತ್ರ ಹಾಕಿಕೊಂಡು ಕಟ್ಟೆಗೆ ಕುಳಿತಿರುತ್ತಾರಲ್ಲ, ಆ ದಸ್ತಿ ಕಂಡ ಕೂಡಲೇ ಭೋಂಗಾ ಬಂದ್. ನಿಮ್ಮಣ್ಣ ಗಾಡಿಯಿಂದಿಳಿದು ಕೈಮುಗಿದು, ಓಣಿ ದಾಟುವವರೆಗೂ ನಡೆದೇ ಹೋಗುತ್ತಿದ್ದ. ದತ್ತಾತ್ರಿಗೂ ಅದನ್ನು ಕಲಿಸಿದವನು ಅವನೇ. ಯಂತ್ರಕ್ಕೆ ಇದನ್ನು ಯಾರು ಕಲಿಸುತ್ತಾರೆ? ಅವನ ಸಾವಿನ ಮನೆಯ ಮುಂದೆಯೇ ಅವನ ದನಿಯಲ್ಲಿ ಓಟು ಕೇಳುತ್ತದೆ.

ತಕರಾರು ಕೊಡಲು ಒಂದು ಕಚೇರಿಗೆ ಹೋಗಿದ್ದೆ. ಅಲ್ಲಿದ್ದವನು ಒಳ್ಳೆಯ ಹುಡುಗನೇ, ಕುರ್ಚಿ ಕೊಟ್ಟ. ಎಲ್ಲ ಓದಿ ನನ್ನ ಪಾಟಿಯ ಮೇಲೆ ಮರಾಠಿಯಲ್ಲಿ ಬರೆದ: ‘ಅಜ್ಜಾ, ಆ ದನಿಯನ್ನು ನೀವು ಸ್ವತಃ ಕೇಳಿದಿರಾ?’ ನಾನು ಪಾಟಿ ಒರೆಸಿಕೊಂಡು ಎದ್ದು ಬಂದೆ.

ಯಾರು ಕೊಟ್ಟರು ಅವನ ಹಳೇ ಮಾತು? ಅದನ್ನು ಪತ್ತೆ ಮಾಡಬೇಕು. ನೀನು ಬಂದಾಗ ನಿಮ್ಮವ್ವನನ್ನು ಕೇಳು. ನನ್ನ ಮುಂದೆ ಅವಳು ಕಲ್ಲಾಗಿ ಕೂರುತ್ತಾಳೆ.

ಅಪ್ಪ
ಮಾಣಿಕಪ್ಪ


ಉಮರ್ಗಾ
೬ ನವೆಂಬರ್ ೨೦೨೪

ಅಪ್ಪಾ, ಶರಣು.

ದೀಪಾವಳಿ ಮುಗಿಸಿ ಬಂದೆ. ಅಲ್ಲಿದ್ದಾಗ ನೀವು ಪಾಟಿ ಹಿಡಿದು ನನ್ನ ಹಿಂದೆ ಹಿಂದೆ ತಿರುಗಿದಿರಿ. ನಾನು ‘ಆಮೇಲೆ’ ಎಂದು ಬರೆದು ಬರೆದು ತಪ್ಪಿಸಿಕೊಂಡೆ. ನಿಜ ಸಂಗತಿ ಬರೆದು ನಿಮ್ಮ ಮುಖದ ಮುಂದೆ ಹಿಡಿಯಲು ಕೈ ಏಳಲಿಲ್ಲ. ಈಗ ಬರೆಯುತ್ತೇನೆ.

ಕೊಟ್ಟವಳು ಅವ್ವ.

ಅವ್ವನ ಮೇಲೆ ಸಿಟ್ಟು ಮಾಡಬೇಡಿ, ಪೂರಾ ಓದಿ. ಶ್ರಾವಣದಲ್ಲಿ ನೀವು ಉದಗೀರಕ್ಕೆ ಹೋದ ದಿನ ಸಾಹೇಬರ ಕಾರ್ಯಕರ್ತ ಧನರಾಜ ಮನೆಗೆ ಬಂದಿದ್ದ. ಅವ್ವನ ಮೊಬೈಲಿನಲ್ಲಿ ಅಣ್ಣ ಕಳಿಸಿದ್ದ ದನಿಯ ಮೆಸೇಜುಗಳಿದ್ದವು, ಗೊತ್ತಲ್ಲ? ಅಕ್ಷರ ಬಾರದ ಅವ್ವನಿಗೆ ಅವನು ಮಾತಾಡಿಯೇ ಕಳಿಸುತ್ತಿದ್ದ. ಧನರಾಜ ಹೇಳಿದನಂತೆ, “ಮಾವಶೀ, ಇವು ಕೊಡ್ರಿ. ವೈಜನಾಥ ಮತ್ತ ಇಡೀ ತಾಲೂಕು ಮಾತಾಡ್ತಾನ. ಏನ್ ಬೇಕಂದ್ರ ಅದು ಮಾತಾಡ್ತಾನ.”

ಅವ್ವ ಕೇಳಿದಳಂತೆ, “ಏನ್ ಬೇಕಂದ್ರ ಅದಾ?”

“ಹೌದ್ರಿ.”

“ಹಂಗಾದ್ರ ನನ್ನ ಬಾಗಲ ಮುಂದ ಬಂದಾಗ ‘ಯವ್ವಾ, ಉಂಡೀ?’ ಅಂತ ಕೇಳ್ಬೇಕು. ದಿನಾ ಕೇಳ್ಬೇಕು. ಅಂದ್ರ ಕೊಡ್ತೀನಿ.”

ಅಪ್ಪಾ, ಅವ್ವ ಕೇಳಿದ್ದು ಇಷ್ಟೇ.

ಪಾಡ್ಯದ ದಿನ ನಾನೂ ಅವ್ವನ ಜೊತೆ ಬಾಗಿಲಲ್ಲಿ ನಿಂತೆ. ನೀವು ಪಡಸಾಲೆಯಲ್ಲಿ ಪೇಪರ್ ಓದುತ್ತಿದ್ದಿರಿ. ಗಾಡಿ ಬಂತು, ಸಾಹೇಬರ ಹೊಗಳಿಕೆ ಆಯಿತು, ನಿಂತಿತು. ದತ್ತಾತ್ರಿ ತಲೆ ಎತ್ತಲಿಲ್ಲ. ಭೋಂಗಾ “ಯವ್ವಾ, ಉಂಡೀ?” ಅಂದಿತು. ಹೊಲದಿಂದ ಬಂದು ಕೈಕಾಲು ತೊಳೆಯುತ್ತ ಅಣ್ಣ ಹೇಗೆ ಕೇಳುತ್ತಿದ್ದನೋ ಹಾಗೇ. ಅವ್ವ ಸೆರಗು ಸರಿಮಾಡಿಕೊಂಡು, “ಉಣ್ತೀನಪ್ಪಾ, ನೀ ಹೋಗಿ ಬಾ” ಅಂದಳು. ಗಾಡಿ ಹೋಯಿತು. ನಾನು ಹೊಸ್ತಿಲ ಮೇಲೇ ಕುಳಿತುಬಿಟ್ಟೆ. ಅವ್ವ ನನ್ನನ್ನು ದಾಟಿ ಒಳಗೆ ಹೋಗಿ ತಟ್ಟೆ ಹಾಕಿಕೊಂಡಳು.

“ಅವ್ವಾ, ಅಣ್ಣ ಸಾಹೇಬಗ ಬಾಯಿ ಕೊಡೂದಿಲ್ಲ ಅಂದಿದ್ನಲ್ಲಾ” ಎಂದೆ. ಅವಳು ಅಂದ ಮಾತು ಹಾಗೇ ಬರೆಯುತ್ತೇನೆ. “ಸತ್ತಾವಂದು ಮಾತು ಮುರದ್ರ ಅವಗೇನ್ ಆಗ್ತದ? ಬದುಕಿದಾಕಿ ನಾ. ನನಗ ತುತ್ತು ಇಳೀಬೇಕು. ನಿಮ್ಮಪ್ಪಗ ಕಿವಿ ಇಲ್ಲ, ಪುಣ್ಯವಂತ. ನನ್ನ ಕಿವಿಗಿ ಮನಿ ಭಣಾ ಭಣಾ ಅಂತದ.”

ನನಗೆ ಅವಳ ಮಾತೂ ಖರೆ ಅನಿಸುತ್ತದೆ, ನಿಮ್ಮದೂ ಖರೆ ಅನಿಸುತ್ತದೆ. ಓಟಿಗೆ ಇನ್ನು ಹದಿನೈದೇ ದಿನ. ಅಲ್ಲಿಯವರೆಗೆ ಸುಮ್ಮನಿದ್ದುಬಿಡಿ ಅಪ್ಪಾ. ನಿಮ್ಮ ಕಾಲು ಹಿಡಿದು ಕೇಳುತ್ತೇನೆ.

ಮೀನಲ


ವಲಾಂಡಿ
೧೩ ನವೆಂಬರ್ ೨೦೨೪

ಮೀನಲ,

ಸುಮ್ಮನಿರಲು ಆಗಲಿಲ್ಲ.

ನಿನ್ನ ಪತ್ರ ಓದಿ ಎರಡು ದಿನ ಒದ್ದಾಡಿದೆ. ನಿಮ್ಮವ್ವನ ಮೇಲೆ ಸಿಟ್ಟು ಬಂತು, ಆಮೇಲೆ ಅವಳ ಮುಖ ನೋಡಲು ನನಗೇ ನಾಚಿಕೆಯಾಯಿತು. ಆದರೆ ಆ ಕನ್ನಡ ವರ್ಗಕ್ಕೆ ಮಕ್ಕಳನ್ನು ಕಳಿಸುತ್ತಿದ್ದ ತಾಯಿಯೊಬ್ಬಳು ಸಂತೆಯಲ್ಲಿ ನನ್ನನ್ನು ತಡೆದಳು. ಪಾಟಿಯ ಮೇಲೆ ಮಗನಿಂದ ಬರೆಸಿದಳು, ‘ನಿಮ್ಮ ವೈಜನಾಥ ಮತ್ತೆ ಅವರಿಗೇ ಹಾಕು ಅನ್ನುತ್ತಾನೆ. ಹಾಕಬೇಕೇ ಕಾಕಾ?’ ಆ ಹುಡುಗ ಅದನ್ನು ಬರೆದದ್ದು ಮರಾಠಿಯಲ್ಲಿ. ಇನ್ನು ಹೇಗೆ ಸುಮ್ಮನಿರಲಿ? ಸತ್ತವನ ಮಾತನ್ನು ಕಾಯುವವರು ಬದುಕಿದವರಲ್ಲದೆ ಬೇರೆ ಯಾರಿದ್ದಾರೆ?

ನಿನ್ನೆ ಮಧ್ಯಾಹ್ನ ಗಾಡಿ ಬರುವ ಹೊತ್ತಿಗೆ ನಾನು ತಲೆಯ ಮೇಲೆ ದಸ್ತಿ ಹಾಕಿಕೊಂಡು ಕಟ್ಟೆಯ ಮೇಲೆ ಕುಳಿತೆ, ಇವತ್ತೇ ಸಾವಾದ ಮನೆಯವನಂತೆ. ನಿಮ್ಮವ್ವ ಬಾಗಿಲಿಗೆ ಬಂದವಳು ನನ್ನನ್ನು ನೋಡಿ ಬಿಳಿಚಿಕೊಂಡಳು. ಗಾಡಿ ತಿರುವಿನಲ್ಲಿ ಕಂಡಿತು. ದತ್ತಾತ್ರಿ ದಸ್ತಿ ನೋಡಿದ. ಅವನ ಕೈ ಕೆಳಗೆ ಹೋದದ್ದು ನನಗೆ ಕಂಡಿತು. ಓಣಿಯ ಮಕ್ಕಳೆಲ್ಲ ಒಮ್ಮೆಗೇ ಭೋಂಗಾದ ಕಡೆ ತಿರುಗಿ ನೋಡಿದರು, ಅದರಿಂದ ತಿಳಿಯಿತು, ಅದು ಬಂದ್ ಆಯಿತು ಎಂದು. ಅವನು ಇಳಿದು ಕೈಮುಗಿದ. ಆಮೇಲೆ ಒಂದು ಕೈ ಸ್ಟೇರಿಂಗಿನ ಮೇಲಿಟ್ಟು ಗಾಡಿಯನ್ನು ನೂಕುತ್ತ ನಡೆದ. ಅಳುತ್ತಿದ್ದ.

ಇವತ್ತು ಬಸವಣ್ಣೆಪ್ಪನೂ ದಸ್ತಿ ಹಾಕಿಕೊಂಡು ತನ್ನ ಕಟ್ಟೆಗೆ ಕುಳಿತ. ಕೆಳಗಿನ ಓಣಿಯಲ್ಲಿ ಇನ್ನೂ ಎಂಟು ಹತ್ತು ಜನ ಕುಳಿತರಂತೆ. ಅವರಲ್ಲಿ ಮೂರು ಪಕ್ಷದವರಿದ್ದಾರೆ, ಮರಾಠರಿದ್ದಾರೆ, ಒಬ್ಬ ಮುಸಲ್ಮಾನನೂ ಇದ್ದಾನೆ. ಈ ಊರು ಯಾವ ಮಾತಿಗೂ ಹೀಗೆ ಒಂದಾಗಿದ್ದು ನಾನು ಕಂಡಿಲ್ಲ. ಗಾಡಿ ಊರು ಪೂರಾ ಮೂಕವಾಗಿ ದಾಟಿತು. ಧನರಾಜ ಬಂದು ಕೈ ಬೀಸಿ ಏನೋ ಕೂಗಾಡಿದ. ನನಗೆ ಕೇಳಲಿಲ್ಲ, ಅದಕ್ಕೆ ನಾನು ನಕ್ಕುಬಿಟ್ಟೆ.

ನಿಮ್ಮಣ್ಣನ ಮಾತು ಉಳಿಯಿತು ಮೀನಲ. ಎದೆಯುಬ್ಬಿ ಬರೆಯುತ್ತಿದ್ದೇನೆ.

ನಿಮ್ಮವ್ವ ನಿನ್ನೆಯಿಂದ ಉಂಡಿಲ್ಲ. ರೊಟ್ಟಿ ಮಾಡುತ್ತಾಳೆ, ನನಗೆ ಹಾಕುತ್ತಾಳೆ, ತನ್ನದನ್ನು ಮುಚ್ಚಿಡುತ್ತಾಳೆ. ಅವನನ್ನು ನಾನೇ ಎರಡನೇ ಸಲ ಮಣ್ಣಿಗೆ ಹಾಕಿದೆ ಎಂಬಂತೆ ನನ್ನನ್ನು ನೋಡುತ್ತಾಳೆ.

ಅಪ್ಪ
ಮಾಣಿಕಪ್ಪ


ಉಮರ್ಗಾ
೧೮ ನವೆಂಬರ್ ೨೦೨೪

ಅಪ್ಪಾ,

ಬಸವಣ್ಣೆಪ್ಪ ಕಾಕಾ ಫೋನ್ ಮಾಡಿದ್ದರು. ಅವ್ವ ನಳದ ಹತ್ತಿರ ಕೊಡದ ಸಮೇತ ಬಿದ್ದಳಂತೆ. ನೀವು ಅದನ್ನು ನನಗೆ ಬರೆಯುವ ಮೊದಲೇ ಈ ಪತ್ರ ನಿಮಗೆ ಮುಟ್ಟುತ್ತದೆ. ನನ್ನ ಅತ್ತೆಗೆ ಉಮರ್ಗಾದ ದವಾಖಾನೆಯಲ್ಲಿ ಸಲೈನ್ ಹಚ್ಚಿದ್ದಾರೆ, ಅವರನ್ನು ಬಿಟ್ಟು ಬರಲು ಸಾಧ್ಯವಾಗುತ್ತಿಲ್ಲ. ಇಲ್ಲಿ ಕುಳಿತು ಸಾಯುತ್ತಿದ್ದೇನೆ.

ಅಣ್ಣನ ಮಾತು ಉಳಿಯಿತು, ಒಪ್ಪಿದೆ. ಊರು ನಿಮ್ಮನ್ನು ಹೊಗಳುತ್ತಿದೆ, ಅದನ್ನೂ ಒಪ್ಪಿದೆ. ಅವ್ವನ ಗತಿ?

ನಾನು ಸಣ್ಣವಳಿದ್ದಾಗಿನಿಂದ ನೋಡಿದ್ದೇನೆ. ಆ ಮನೆಯಲ್ಲಿ ಅವ್ವ ಎಲ್ಲರಿಗೂ ಉಣಬಡಿಸಿ ಕಡೆಗೆ ಒಲೆಯ ಮುಂದೆ ಕುಳಿತು ಉಣ್ಣುತ್ತಿದ್ದಳು. ಉಂಡಳೋ ಇಲ್ಲವೋ ಎಂದು ಅಜ್ಜಿ ಕೇಳಲಿಲ್ಲ, ನಾನು ಕೇಳಲಿಲ್ಲ, ನೀವಂತೂ ಕೇಳಲಿಲ್ಲ. ನೀವು ಪೇಪರ್ ಓದುತ್ತಿದ್ದಿರಿ. ಮುಂಬೈಯಲ್ಲಿ ಯಾರ ಸರಕಾರ ಬಿತ್ತು, ಬೆಂಗಳೂರಿನಲ್ಲಿ ಯಾರದು ಎದ್ದಿತು, ಎಲ್ಲ ನಿಮಗೆ ಗೊತ್ತಿತ್ತು. ಕೇಳುತ್ತಿದ್ದವನು ಅಣ್ಣ ಒಬ್ಬನೇ. ಅವನು ಹೋದ ಮೇಲೆ ಅವಳನ್ನು ಕೇಳಿದ್ದು ಒಂದು ಯಂತ್ರ. ಅದನ್ನೂ ನೀವು ಬಂದ್ ಮಾಡಿಸಿದಿರಿ.

ಪುಸ್ತಕದ ಕನ್ನಡದಲ್ಲೇ ಬರೆದಿದ್ದೇನೆ. ತಪ್ಪಿದ್ದರೆ ತಿದ್ದಿ.

ಮೀನಲ


ವಲಾಂಡಿ
೧೯ ಡಿಸೆಂಬರ್ ೨೦೨೪

ಮೀನಲ,

ನಿನ್ನ ಪತ್ರಕ್ಕೆ ಒಂದು ತಿಂಗಳು ಉತ್ತರ ಬರೆಯಲಿಲ್ಲ. ತಿದ್ದುವಂಥದ್ದು ಅದರಲ್ಲಿ ಏನೂ ಇರಲಿಲ್ಲ.

ನಿನ್ನ ಅತ್ತೆಯವರು ಎದ್ದು ಓಡಾಡುತ್ತಿದ್ದಾರೆಂದು ಅಳಿಯ ಋಷಿಕೇಶರು ಬಸವಣ್ಣೆಪ್ಪನಿಗೆ ತಿಳಿಸಿದರು. ಸಮಾಧಾನವಾಯಿತು. ಸಾಹೇಬರು ಬಿದ್ದರು, ನೀನೂ ಪೇಪರಿನಲ್ಲಿ ನೋಡಿರುತ್ತೀ. ಆ ಹೊಸ ಪಕ್ಷವೂ ಅವರ ಹಿಂದೆಯೇ ನೆಲ ಕಚ್ಚಿತು. ದಸ್ತಿಯಿಂದ ಬಿದ್ದರು ಎಂದು ನಮ್ಮ ಊರವರು ಮೀಸೆ ತಿರುವುತ್ತಾರೆ. ಒಂದು ಊರಿನ ಓಟಿನಿಂದ ಯಾರೂ ಬೀಳುವುದಿಲ್ಲ, ಏಳುವುದೂ ಇಲ್ಲ. ಗೆದ್ದವರು ಹಾರ ಹಾಕಿಕೊಂಡು ಮುಂಬೈಗೆ ಹೋದರು. ಸೋಯಾಬೀನಿನ ದರ ಹೇಗಿತ್ತೋ ಹಾಗೇ ಇದೆ, ಆ ಕನ್ನಡ ವರ್ಗದ ಬೀಗವೂ ಹಾಗೇ ಇದೆ. ನಾನು ಪೇಪರ್ ತರಿಸುವುದನ್ನು ಸದ್ಯಕ್ಕೆ ನಿಲ್ಲಿಸಿದ್ದೇನೆ.

ಓಟು ಮುಗಿದ ಮೇಲೆ ಗಾಡಿಯೇ ಇಲ್ಲ. ನಿಮ್ಮವ್ವನಿಗೆ ಅದು ಗೊತ್ತಿದೆ. ಗೊತ್ತಿದ್ದೂ ಮಧ್ಯಾಹ್ನ ಬಾಗಿಲಿಗೆ ಬರುತ್ತಿದ್ದಳು, ತಿರುವನ್ನು ನೋಡುತ್ತಿದ್ದಳು, ಒಳಗೆ ಹೋಗಿ ಗೋಡೆಗೆ ಒರಗಿ ಕೂರುತ್ತಿದ್ದಳು. ಸಂಜೆ ನಾನು ಗದರಿಸಿದಂತೆ ಕೈ ಮಾಡಿದರೆ ಅರ್ಧ ರೊಟ್ಟಿ. ಬಳೆಗಳು ಮೊಣಕೈಯವರೆಗೆ ಜಾರುತ್ತಿದ್ದವು. ದತ್ತಾತ್ರಿಯನ್ನು ಕರೆಸಿ, ಆ ಒಂದು ಮಾತನ್ನಾದರೂ ತಂದು ಕೇಳಿಸು ಎಂದು ಪಾಟಿಯ ಮೇಲೆ ಬರೆದೆ. ಹೌದು, ನಾನೇ ಬರೆದೆ. ಅವನು ಕೈ ಅಲ್ಲಾಡಿಸಿದ. ಎಲೆಕ್ಷನ್ ಮುಗಿದ ಕೂಡಲೇ ಎಲ್ಲ ಅಳಿಸಿದರಂತೆ, ಧನರಾಜ ಫೋನೇ ಎತ್ತುವುದಿಲ್ಲವಂತೆ. ನಿಮ್ಮವ್ವನ ಮೊಬೈಲಿನಲ್ಲಿದ್ದ ದನಿಯ ಮೆಸೇಜುಗಳೂ ಅವರ ಕೈಯಲ್ಲಿ ಏನೋ ಆಗಿ ಹೋಗಿಬಿಟ್ಟಿವೆ. ಅವಳು ಅದನ್ನು ನಮ್ಮಿಬ್ಬರಿಗೂ ಹೇಳಿರಲಿಲ್ಲ.

ಹೋದ ಸೋಮವಾರ ನಾನು ಹೊಲದಿಂದ ಬರುತ್ತಿದ್ದೆ. ಅವಳು ಬಾಗಿಲಲ್ಲಿದ್ದಳು, ನನ್ನ ಮೇಲೆ ಕಣ್ಣಿರಲಿಲ್ಲ, ನನ್ನ ಹಿಂದಿನ ರಸ್ತೆಯ ಮೇಲಿತ್ತು. ನಿನ್ನ ಪತ್ರ ಅಂಗಿಯ ಕಿಸೆಯಲ್ಲೇ ಇತ್ತು. ಪಾಟಿ ತೆಗೆದೆ. ಅಕ್ಷರ ಬಾರದವಳಿಗೆ ಪಾಟಿಯ ಮೇಲೆ ಏನು ಬರೆಯಲಿ? ಇಷ್ಟು ವರ್ಷ ಅವಳ ಮುಂದೆ ಅದನ್ನೇ ಹಿಡಿದುಕೊಂಡು ತಿರುಗಿದ್ದೇನಲ್ಲ ಎನಿಸಿತು. ಆ ಗಾಡಿ ನಿಲ್ಲುತ್ತಿದ್ದ ಜಾಗದಲ್ಲಿ ನಿಂತು ಬಾಯಿ ತೆರೆದೆ.

“ಉಂಡೀ?”

ಗಂಟಲು ಹರಿದಂತಾಯಿತು. ಹೊರಗೆ ಏನು ಬಂತೋ ನನಗೆ ತಿಳಿಯದು. ಎದುರು ಮನೆಯ ಎಮ್ಮೆ ಬೆದರಿ ಹಗ್ಗ ಜಗ್ಗಿತು. ನಿಮ್ಮವ್ವ ಎರಡೂ ಕೈಯಿಂದ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಬಸವಣ್ಣೆಪ್ಪ ಉಣ್ಣುತ್ತಿದ್ದವನು ಎಂಜಲು ಕೈಯಲ್ಲೇ ಓಡಿಬಂದ. ನನ್ನನ್ನು ನೋಡಿದ, ರಸ್ತೆಯ ಆ ಕಡೆ ಈ ಕಡೆ ನೋಡಿದ, ಮತ್ತೆ ನನ್ನನ್ನು ನೋಡಿದ. ನನ್ನ ಪಾಟಿ ಕಸಿದುಕೊಂಡು ಎಡಗೈಯಲ್ಲಿ ಸೊಟ್ಟ ಸೊಟ್ಟ ಬರೆದ: ‘ಥೇಟ್ ವೈಜನಾಥ.’

ಮಗಳೇ, ನನ್ನ ದನಿ ಹೇಗಿತ್ತು ಎಂಬುದೇ ನನಗೆ ಮರೆತುಹೋಗಿದೆ. ಅವನಿದ್ದಾಗ ಅವನದು ನನ್ನದೇ ದನಿ ಎಂದು ಯಾರೂ ಹೇಳಲಿಲ್ಲ, ಅಥವಾ ಹೇಳಿದ್ದು ನನಗೆ ಕೇಳಲಿಲ್ಲ. ಅವನ ಬಾಯಿಯನ್ನು ಕದ್ದರು ಎಂದು ನಾನು ಕಚೇರಿಗೆ ಹೋಗಿ ತಕರಾರು ಕೊಡುತ್ತಿದ್ದೆ. ಅದು ನನ್ನ ಗಂಟಲಲ್ಲೇ ಇತ್ತು.

ಈಗ ದಿನಾ ಕೇಳುತ್ತೇನೆ. ನಾನು ರಸ್ತೆಗೆ ಬಂದು ನಿಂತ ಕೂಡಲೇ ಅವಳು ಕಣ್ಣು ಮುಚ್ಚಿಕೊಳ್ಳುತ್ತಾಳೆ. ‘ಯವ್ವಾ, ಉಂಡೀ?’ ಎಂದೇ ಕೂಗುತ್ತೇನೆ. ಹೆಂಡತಿಯನ್ನು ಯವ್ವಾ ಎನ್ನಲು ಮೊದಲ ದಿನ ನಾಚಿಕೆಯಾಯಿತು, ಈಗ ಆಗುವುದಿಲ್ಲ. ಓಣಿಯಲ್ಲಿ ಯಾರೂ ನಗುವುದಿಲ್ಲ. ಅವಳ ತುಟಿ ಆಡುತ್ತದೆ. ನೀನು ಬರೆದು ಕಳಿಸಿದ್ದೆಯಲ್ಲ, ಅದರಿಂದ ಆ ಮಾತನ್ನು ನಾನು ತುಟಿಯ ಮೇಲೇ ಓದುತ್ತೇನೆ. ಉಣ್ತೀನಪ್ಪಾ, ನೀ ಹೋಗಿ ಬಾ.

ಹೋಗಿ ಬಾ ಎಂದ ಮೇಲೆ ನಾನು ಅಲ್ಲಿ ನಿಲ್ಲುವಂತಿಲ್ಲ. ಅವಳು ಕಣ್ಣು ತೆರೆದಾಗ ಅಲ್ಲಿ ನಾನು ಕಾಣಬಾರದು. ತಿರುವಿನವರೆಗೆ ನಡೆದು, ಬಸವಣ್ಣೆಪ್ಪನ ಹೊಲದ ಬದುವಿನ ಮೇಲೆ ಸ್ವಲ್ಪ ಹೊತ್ತು ಕುಳಿತು, ಸುತ್ತು ಹಾಕಿ ಹಿತ್ತಲ ಬಾಗಿಲಿನಿಂದ ಮನೆಗೆ ಬರುತ್ತೇನೆ. ಅಷ್ಟರಲ್ಲಿ ಅವಳ ಊಟ ಮುಗಿದಿರುತ್ತದೆ. ನನ್ನ ರೊಟ್ಟಿ ಮುಚ್ಚಿಟ್ಟಿರುತ್ತಾಳೆ.

ನಿನ್ನ ಅಪ್ಪ
ಮಾಣಿಕಪ್ಪ